ಎಲ್ಲರೂ ಇರುವ ಒಂದು ಫೋಟೋ

ಮದುವೆ ಫೋಟೋ ತೆಗೆಯುವವರಲ್ಲಿ ಎರಡು ಥರ. ಒಬ್ಬರು ಮುಖದ ಹತ್ತಿರಕ್ಕೇ ನುಗ್ಗಿ ಕಣ್ಣೀರು, ನಗು, ಉಂಗುರ, ಮೂಗಿನ ತುದಿಯ ಬೆವರು, ಹೀಗೆ ಚಿಕ್ಕಪುಟ್ಟದ್ದನ್ನೆಲ್ಲ ಹಿಡಿಯುವವರು. ಹೊಗಳಿಕೆಯೆಲ್ಲ ಇವರ ಪಾಲಿಗೆ. ಇನ್ನೊಬ್ಬರು ದೂರ ಹೋಗಿ ನಿಂತು ಇಡೀ ಜಾಗವನ್ನು ಹಿಡಿಯುವವರು: ಮನೆ, ಅಂಗಳ, ಸಾಲಾಗಿ ಹಾಕಿಟ್ಟ ಕುರ್ಚಿಗಳು, ಮೇಲೊಂದಿಷ್ಟು ಆಕಾಶ, ನಡುವೆ ಎಲ್ಲೋ ಅಕ್ಕಿಕಾಳಿನಷ್ಟು ಮದುಮಗಳು. ಇವರ ಫೋಟೋ ಆಲ್ಬಮ್ಮಿನ ಮೊದಲ ಪುಟದಲ್ಲಿರುತ್ತದೆ, ಜನ ಅದನ್ನು ಮಗುಚಿ ಮುಂದೆ ಹೋಗುತ್ತಾರೆ. ಆದರೆ ಆ ಪುಟವೊಂದು ಇಲ್ಲದೇ ಹೋದರೆ ಮುಂದಿನ ಅಳುವೂ ನಗುವೂ ಯಾವ ಮನೆಯಲ್ಲಿ ಆಯಿತು, ಯಾವ ಬಿಸಿಲಿನಲ್ಲಿ ಆಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಇದನ್ನು ಹೇಳಿದರೆ ಕೇಳುವವರು ಯಾರು? ಉಪ್ಪಿನ ರುಚಿ ಗೊತ್ತಾಗುವುದು ಅದನ್ನು ಹಾಕುವುದು ಮರೆತ ದಿನವೇ.

ಆ ಸ್ಟುಡಿಯೋದಲ್ಲಿ ಎರಡು ಥರದವರೂ ಇದ್ದರು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅಕ್ಕ ಮುಖದವಳು, ತಮ್ಮ ದೂರದವನು. ಅಕ್ಕ ಮಾತಿನ ಮಲ್ಲಿ. ಎಂಥ ಬಿಗುಮಾನದ ಮದುಮಗನನ್ನೂ ನಗಿಸಿಬಿಡುತ್ತಿದ್ದಳು. ತಮ್ಮ ಸಂಕೋಚದ ಮನುಷ್ಯ. ದೂರ ನಿಂತು ಮಾಡುವ ಕೆಲಸ ಸಿಕ್ಕಿದ್ದೇ ಅವನ ಪುಣ್ಯ. ವೈಡ್ ಶಾಟ್ ಬಿಟ್ಟರೆ ಬೇರೇನೂ ತೆಗೆಯದ ಇವನಿಗೆ ಕಸುಬಿನವರೆಲ್ಲ ಸೇರಿ ವೈಡಣ್ಣ ಅಂತ ಹೆಸರಿಟ್ಟಿದ್ದರು. ಊರವರ ಮದುವೆಗಳನ್ನೆಲ್ಲ ತೆಗೆದ ವೈಡಣ್ಣ ತಾನು ಮಾತ್ರ ಮದುವೆಯಾಗಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ, ನನ್ನದನ್ನು ತೆಗೆಯೋಕೆ ದೂರ ನಿಲ್ಲೋರು ಯಾರೂ ಇಲ್ವಲ್ಲ ಅನ್ನುತ್ತಿದ್ದ. ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಅವನ ವಾಸ, ಕೆಳಗೆ ಅಕ್ಕನ ಸಂಸಾರ. ಊಟ ಅಲ್ಲಿಂದಲೇ.

ಈಗ ಅವನ ಗುಟ್ಟಿಗೆ ಬರೋಣ. ವೈಡಣ್ಣನ ಕಣ್ಣಿನ ಅಂಚುಗಳು ಸತ್ತುಹೋಗಿದ್ದವು.

ಒಂದೇ ದಿನದಲ್ಲಿ ಆದದ್ದಲ್ಲ ಅದು. ಮೊದಲು ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು, ಆಮೇಲೆ ಪಕ್ಕದಲ್ಲೇ ಇಟ್ಟ ಲೋಟ ಉರುಳಿತು, ಕೊನೆಗೆ ರಸ್ತೆಯಲ್ಲಿ ಸೈಕಲ್ಲಿನವನೊಬ್ಬ ಬೈದು ಹೋದ. ಕಣ್ಣಿನ ಡಾಕ್ಟರು ಯಂತ್ರದೊಳಗೆ ತಲೆ ಇಡಿಸಿ ನೋಡಿ, ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸವೆದಿದೆ, ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋದು ನೋಡಿ ಅಂದರು. ಹನಿ ಔಷಧಿ ಬರೆದುಕೊಟ್ಟು, ಮೆಟ್ಟಿಲಿನ ಹತ್ತಿರ ಹುಷಾರು, ಮನೆಯವರಿಗೆ ತಪ್ಪದೇ ಹೇಳಿ ಅಂತ ಎರಡು ಸಲ ಹೇಳಿದರು. ಔಷಧಿಯನ್ನು ಅವನು ತಪ್ಪಿಸಲಿಲ್ಲ. ಮನೆಯವರಿಗೆ ಹೇಳುವುದೊಂದನ್ನು ತಪ್ಪಿಸಿದ.

ಎದುರಿಗೆ ಒಂದು ಊಟದ ತಟ್ಟೆಯಷ್ಟು ಜಾಗ ಈಗಲೂ ನಿಚ್ಚಳವಾಗಿತ್ತು. ಅದರ ಸುತ್ತ ಕತ್ತಲೆಯಾದರೂ ಇದ್ದಿದ್ದರೆ ಎಚ್ಚರ ಇರುತ್ತಿತ್ತೇನೋ. ಕತ್ತಲೆ ಇರಲಿಲ್ಲ, ಅಲ್ಲಿ ಏನೂ ಇಲ್ಲವೇ ಇಲ್ಲ ಅನ್ನುವ ಹಾಗೆ ಇರುತ್ತಿತ್ತು, ಅದೇ ಮೋಸ. ಆದರೆ ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯನ್ನು ಕೈ ಚಾಚಿ ದೂರ ಹಿಡಿದರೆ ಅದಷ್ಟೂ ಆ ತಟ್ಟೆಯೊಳಗೆ ಕೂರುತ್ತಿತ್ತು. ಬರಿಗಣ್ಣಿಗೆ ಸಿಗದ ಅಂಗಳ ಪರದೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಸಿಗುತ್ತಿತ್ತು. ಮೊದಲ ಸಲ ಇದು ಗೊತ್ತಾದಾಗ ಅವನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದ. ಲೋಕ ಇಡಿಯಾಗಿ ಕಾಣಬೇಕಾದರೆ ಇನ್ನು ಅವನಿಗೆ ಇದ್ದದ್ದು ಅದೊಂದೇ ಕಿಟಕಿ. ಕಣ್ಣು ಹೋಗುತ್ತಿದೆ ಅಂತ ಗೊತ್ತಾದರೆ ಅಕ್ಕ ಮೊದಲು ಕಿತ್ತುಕೊಳ್ಳುವುದೇ ಅದನ್ನು. ಪ್ರೀತಿಯಿಂದಲೇ ಕಿತ್ತುಕೊಳ್ಳುತ್ತಾಳೆ, ಅದರ ವಿರುದ್ಧ ಜಗಳಕ್ಕೂ ನಿಲ್ಲಲಾಗದು. ಹಾಗಾಗಿ ಬಾಯಿ ಹೊಲಿದುಕೊಂಡ.

ಕೈ ಚಾಚಿ ಫೋಟೋ ತೆಗೆಯುವುದನ್ನು ನೋಡಿ ಅಕ್ಕ ಗೇಲಿ ಮಾಡಿದ್ದುಂಟು. ಪ್ರವಾಸಕ್ಕೆ ಬಂದ ಅತ್ತೆ ಮೊಬೈಲು ಹಿಡಿದ ಹಾಗಿದೆ ಅಂದಿದ್ದಳು. ಈಗಿನವರೆಲ್ಲ ಹೀಗೇ ತೆಗೆಯೋದು ಅಂತ ಅವನು ತೇಲಿಸಿಬಿಟ್ಟ. ಮದುವೆಯ ಹಿಂದಿನ ದಿನವೇ ಜಾಗ ನೋಡಿ ಬರುವುದು ಅವನ ಹಳೆಯ ಪದ್ಧತಿ. ಮೊದಲೆಲ್ಲ ಬಿಸಿಲು ಎತ್ತಲಿಂದ ಬೀಳುತ್ತದೆ ಅಂತ ನೋಡಲು ಹೋಗುತ್ತಿದ್ದ. ಈಗ ಎಲ್ಲಿ ಕಂಬ, ಎಲ್ಲಿ ಮೆಟ್ಟಿಲು, ಎಲ್ಲಿ ಕುರ್ಚಿ ಅಂತ ಕಾಲಿಗೆ ಪಾಠ ಮಾಡಿಸಲು ಹೋಗುತ್ತಿದ್ದ. ಪಾಪ, ಅಕ್ಕ ಅದನ್ನೇ ಗಿರಾಕಿಗಳ ಮುಂದೆ ಹೊಗಳುತ್ತಿದ್ದಳು.

ಈ ಮದುವೆ ನಡೆದದ್ದು ಸಮಾರಂಭಗಳಿಗೆಂದೇ ಬಾಡಿಗೆಗೆ ಕೊಡುವ ಒಂದು ಹಳೆಯ ದೊಡ್ಡ ಮನೆಯಲ್ಲಿ. ಮನೆಯ ಮುಂದೆ ವಿಶಾಲವಾದ ಹುಲ್ಲುಹಾಸು, ಅದು ಮುಗಿಯುವಲ್ಲಿ ಕಲ್ಲಿನ ಮೆಟ್ಟಿಲು, ಮೆಟ್ಟಿಲಿಳಿದರೆ ಕೆಳಗಿನ ಹೂತೋಟ. ಹಿಂದಿನ ದಿನ ಬಂದು ಎಲ್ಲವನ್ನೂ ನಡೆದು ನೋಡಿ ಹೋಗಿದ್ದ. ಬೆಳಗ್ಗೆ ಬಂದರೆ ಮನೆಯವರು ಬಿಸಿಲು ಮುಖಕ್ಕೆ ಹೊಡೆಯುತ್ತದೆ ಅಂತ ಕುರ್ಚಿಗಳನ್ನೆಲ್ಲ ಬೇರೆ ದಿಕ್ಕಿಗೆ ತಿರುಗಿಸಿಬಿಟ್ಟಿದ್ದರು. ಕಲಿತ ಪಾಠವೆಲ್ಲ ನೀರುಪಾಲು.

ಖಾಲಿ ಅಂಗಳದ ಫೋಟೋ ಮುಗಿಸುವಷ್ಟರಲ್ಲೇ ಒಂದು ಕುರ್ಚಿ ಮೊಣಕಾಲಿಗೆ ಬಡಿದಿತ್ತು. ಜನ ಬರತೊಡಗಿದ ಮೇಲೆ ಶರಬತ್ತಿನ ತಟ್ಟೆ ಹಿಡಿದವನಿಗೆ ಡಿಕ್ಕಿ ಹೊಡೆದು ಅಂಗಿಯೆಲ್ಲ ಅಂಟಂಟಾಯಿತು. ಮದುಮಗಳ ಚಿಕ್ಕಪ್ಪ, ಮದುವೆಮನೆಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ, ಬೆಳಗ್ಗೆಬೆಳಗ್ಗೇನೇ ಹಾಕ್ಕೊಂಡು ಬಂದಿದ್ದೀಯೇನಪ್ಪ ಅಂತ ಎಲ್ಲರಿಗೂ ಕೇಳುವ ಹಾಗೆ ನಕ್ಕರು. ವೈಡಣ್ಣನೂ ನಕ್ಕ. ಕುರುಡ ಅನ್ನಿಸಿಕೊಳ್ಳುವುದಕ್ಕಿಂತ ಕುಡುಕ ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತು ಅವನಿಗೆ. ಎಂಥ ಸ್ಥಿತಿ ನೋಡಿ. ಜೀವಮಾನದಲ್ಲಿ ಒಂದು ತೊಟ್ಟೂ ಮುಟ್ಟದವನು.

ಇವತ್ತೊಂದು ದಾಟಿಬಿಡಲಿ ಅಂತ ಬೇಡಿಕೊಳ್ಳುತ್ತಲೇ ಇದ್ದ. ಹಾಗೆ ಬೇಡಿಕೊಂಡೇ ಅವನು ಎಷ್ಟೋ ಮದುವೆಗಳನ್ನು ದಾಟಿದ್ದ.

ಮದುವೆ ಮುಗಿದು, ಊಟಕ್ಕೆ ಮುಂಚೆ, ಮದುಮಗಳ ಅಪ್ಪ ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರಿಗೆ ಒಂದೇ ಒಂದು ಫೋಟೋ ಬೇಕಾಗಿತ್ತು: ಇಡೀ ಮನೆ, ಮನೆ ಮುಂದೆ ಇಡೀ ಬಳಗ, ಒಬ್ಬರೂ ತಪ್ಪಿಹೋಗಬಾರದು. ನಮ್ಮವರು ಹೀಗೆ ಒಟ್ಟಿಗೆ ಸೇರೋದು ಇನ್ನು ಯಾವ ಕಾಲಕ್ಕೋ ಅಂದರು. ವೈಡಣ್ಣ ಖಂಡಿತ ಅಂದ. ಅದು ಅವನ ಕೈಯ ಕೆಲಸವೇ. ಮುದುಕರನ್ನು ಕುರ್ಚಿಯ ಮೇಲೆ, ಮಕ್ಕಳನ್ನು ನೆಲದ ಮೇಲೆ ಕೂರಿಸಲು ಹೇಳಿ, ಉಳಿದವರನ್ನು ಬಾಗಿಲಿನ ಮುಂದಿನ ಜಗಲಿಯ ತುಂಬ ನಿಲ್ಲಿಸಿದ. ಆಮೇಲೆ ಕ್ಯಾಮೆರಾವನ್ನು ಮುಂದೆ ಚಾಚಿಕೊಂಡು ಹಿಂದಕ್ಕೆ ಸರಿಯತೊಡಗಿದ. ಮನೆ ಪರದೆಯೊಳಗೆ ಇಷ್ಟಿಷ್ಟೇ ಬಂದು ಕೂತಿತು. ಎಡಗಡೆಯ ಗೋಡೆ ಬಂತು, ಬಲಗಡೆಯ ಮರ ಬಂತು, ಛಾವಣಿ ಮಾತ್ರ ಇನ್ನೂ ಕತ್ತರಿಸಿಕೊಂಡಿತ್ತು.

ಹಿಂದೆ ಮೆಟ್ಟಿಲಿದೆ ಅಂತ ಅವನಿಗೆ ನೆನಪಿತ್ತು. ನಿಂತ, ಪೂರ್ತಿ ಹಿಂತಿರುಗಿ ನೋಡಿದ. ಹುಲ್ಲು ಕಂಡಿತು, ಹೂವಿನ ಕುಂಡವೊಂದು ಕಂಡಿತು, ಮೆಟ್ಟಿಲಿನ ಅಂಚಿನ ಕಲ್ಲು ಕಂಡಿತು. ಇನ್ನೂ ಮೂರ್ನಾಲ್ಕು ಹೆಜ್ಜೆಗೆ ಜಾಗವಿತ್ತು. ಮುಂದೆ ತಿರುಗಿ, ಹೆಜ್ಜೆ ಎಣಿಸಿಕೊಂಡೇ ಹಿಂದೆ ಸರಿದ. ಛಾವಣಿಯ ತುದಿ ಪರದೆಯೊಳಗೆ ಇಳಿಯಿತು. ಹಾ, ಬಂತು ಅಂದುಕೊಂಡ ಹೊತ್ತಿಗೆ ಹಿಮ್ಮಡಿ ಯಾವುದೋ ಮೆತ್ತನೆಯದಕ್ಕೆ ತಾಗಿತು. ಚೀರಿದ ದನಿ ಕೇಳಿತು, ಅದರ ಹಿಂದೆಯೇ ಏನೋ ಕಲ್ಲಿನ ಮೇಲೆ ಉರುಳಿದ ಸದ್ದು.

ಮದುಮಗಳ ಅಣ್ಣನ ಮಗಳು, ಎಲ್ಲರೂ ಪುಟ್ಟಿ ಅನ್ನುತ್ತಿದ್ದ ಐದಾರು ವರ್ಷದ ಹುಡುಗಿ, ಸಾಲಿನಿಂದ ತಪ್ಪಿಸಿಕೊಂಡು ಬಂದು ಮೇಲಿನ ಮೆಟ್ಟಿಲಲ್ಲಿ ಬಿಸ್ಕತ್ತು ತಿನ್ನುತ್ತಾ ಕೂತಿದ್ದಳು. ಈಗ ಕೆಳಗಿನ ಮೆಟ್ಟಿಲಲ್ಲಿ ಬೋರಲು ಬಿದ್ದಿದ್ದಳು. ಗದ್ದ ಒಡೆದು ಬಿಳಿ ಫ್ರಾಕಿನ ಎದೆಯೆಲ್ಲ ರಕ್ತ. ಇಳಿಯಲು ಹೋದ ವೈಡಣ್ಣ ಮೆಟ್ಟಿಲೇ ಕಾಣದೆ ಕೂತುಬಿಟ್ಟ. ಅಷ್ಟರಲ್ಲಿ ಜನವೆಲ್ಲ ಓಡಿ ಬಂದಿತ್ತು.

ಬಳಗದಲ್ಲೊಬ್ಬರು ಡಾಕ್ಟರಿದ್ದರು. ಬಾಯಿ ತೆರೆಸಿ, ಹಲ್ಲು ಅಲ್ಲಾಡಿಸಿ, ತಲೆ ಮುಟ್ಟಿ ನೋಡಿ, ದೇವರು ದೊಡ್ಡವನು, ಎರಡು ಹೊಲಿಗೆ ಬೀಳುತ್ತೆ ಅಷ್ಟೆ, ಆಸ್ಪತ್ರೆಗೆ ಹೋಗೋಕೆ ಕಾರು ತರಿಸಿ ಅಂದರು. ಕರವಸ್ತ್ರ ಮಡಿಸಿ ಗದ್ದಕ್ಕೆ ಒತ್ತಿ ಹಿಡಿದರು. ಮಗುವಿನ ಜೀವಕ್ಕೇನೂ ಇಲ್ಲ ಅಂತಾದ ತಕ್ಷಣ, ಲೋಕದ ರೂಢಿಯಂತೆ, ತಪ್ಪು ಯಾರದು ಅನ್ನುವ ಮಾತು ಎದ್ದಿತು.

ಓಡಿ ಬಂದು ಕಾಲಿಗೆ ಸಿಕ್ಕಿಕೊಂಡಿರಬೇಕು, ಈ ಮಕ್ಕಳೇ ಹೀಗೆ ಅಂದರು ಚಿಕ್ಕಪ್ಪ. ಉಳಿದವರು ಹೌದು ಹೌದು ಅಂದರು. ಆದರೆ ಪುಟ್ಟಿ ಬಿಕ್ಕುತ್ತಲೇ ತಲೆಯಾಡಿಸಿದಳು.

"ನಾನು ಓಡ್ಲಿಲ್ಲ. ಇಲ್ಲೇ ಕೂತಿದ್ದೆ. ಈ ಮಾಮ ನನ್ನ ಕಡೆ ತಿರುಗಿ ನೋಡಿದ್ರು, ನಾನು ನಾಲಿಗೆ ತೋರ್ಸಿದೆ. ಆಮೇಲೆ ನನ್ನ ಮೇಲೇ ಬಂದ್ರು."

ವೈಡಣ್ಣ ಬಾಯಿ ತೆರೆಯಬೇಕಾದದ್ದು ಆಗಲೇ. ತೆರೆದಿದ್ದ ಕೂಡ. ಆದರೆ ಅಕ್ಕ ಅಡ್ಡ ಬಂದಳು. ಅವನ ಭುಜದ ಮೇಲೆ ಕೈಯಿಟ್ಟು, ನನ್ನ ತಮ್ಮ ಹಿಂತಿರುಗಿ ನೋಡದೆ ಒಂದು ಹೆಜ್ಜೆ ಇಡೋನಲ್ಲ, ಇಷ್ಟು ವರ್ಷದಲ್ಲಿ ಒಂದು ಇರುವೆ ತುಳಿದಿಲ್ಲ, ಬೇಕಿದ್ದರೆ ಯಾರನ್ನಾದರೂ ಕೇಳಿ ಅಂದಳು. ಅಷ್ಟು ಹೆಮ್ಮೆಯಿಂದ ಅಂದಳು. ಅವನ ಬಾಯಿ ಮುಚ್ಚಿಹೋಯಿತು. ಬೈದಿದ್ದರೆ ಎದ್ದು ನಿಂತು ಹೇಳಿಬಿಡುತ್ತಿದ್ದನೇನೋ. ಹೊಗಳಿಕೆ ಇದೆಯಲ್ಲ, ಅದು ಅಂಟಿನ ಹಾಗೆ ತುಟಿಗೆ ತುಟಿ ಅಂಟಿಸಿಬಿಡುತ್ತದೆ.

ಪುಟ್ಟಿಯ ತಾಯಿಗೆ ನಾಚಿಕೆ, ಗಾಬರಿ ಎಲ್ಲ ಸೇರಿ ಸಿಟ್ಟಾಯಿತು. ಬಿದ್ದದ್ದಲ್ಲದೆ ಸುಳ್ಳು ಬೇರೆ ಹೇಳ್ತೀಯಾ ಅಂತ ಮಗುವಿನ ಬೆನ್ನಿಗೊಂದು ಏಟು ಹಾಕಿದಳು. ದೊಡ್ಡವರ ಮೇಲೆ ತಪ್ಪು ಹೊರಿಸ್ತಾರಾ, ಮಾಮನ ಹತ್ತಿರ ಕ್ಷಮೆ ಕೇಳು ಅಂದಳು. ಮಗು ಒಮ್ಮೆ ತಾಯಿಯ ಮುಖ ನೋಡಿತು, ಒಮ್ಮೆ ವೈಡಣ್ಣನ ಮುಖ ನೋಡಿತು. ಇವನು ಸರಿಯಾಗಿ ಅವಳ ಎದುರಿಗೇ ಕೂತಿದ್ದ. ಎಲ್ಲವೂ ಮರೆಯಾದ ಲೋಕದಲ್ಲಿ ಆ ಮುಖವೊಂದು ಮಾತ್ರ ಅವನಿಗೆ ರೆಪ್ಪೆಯ ಕೂದಲು ಸಮೇತ ಕಾಣುತ್ತಿತ್ತು. ಕರವಸ್ತ್ರ ಒತ್ತಿಕೊಂಡೇ ತೊದಲುತ್ತಾ ಅವಳು ಅಂದಳು:

"ತಪ್ಪಾಯ್ತು ಮಾಮ. ನಾನೇ ಓಡಿ ಬಂದೆ."

ಆ ಸುಳ್ಳನ್ನು ಅವಳ ಬಾಯಲ್ಲಿ ಇಟ್ಟವನು ತಾನು. ಇದಕ್ಕಿಂತ ಅವಳು ಕಲ್ಲು ತೆಗೆದು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ. ಇನ್ನು ಉಳಿಸಿಕೊಳ್ಳುವುದಕ್ಕೇನಿದೆ ಅನ್ನಿಸಿಬಿಟ್ಟಿತು.

"ಇಲ್ಲ, ಅವಳು ಓಡಿ ಬರ್ಲಿಲ್ಲ," ಅಂದ. "ಅವಳು ಹೇಳಿದ್ದೇ ನಿಜ. ಅಲ್ಲೇ ಕೂತಿದ್ದಳು. ನನಗೆ ಕಾಣ್ಸಲಿಲ್ಲ."

"ಕಾಣ್ಸಲಿಲ್ಲ ಅಂದ್ರೆ?" ಅಂದಳು ಅಕ್ಕ.

"ಪಕ್ಕದಲ್ಲಿರೋದು ಯಾವುದೂ ಕಾಣ್ಸಲ್ಲ ಅಕ್ಕ. ನೇರ ಎದುರಿಗೆ ಇರೋದು ಅಷ್ಟೇ. ಹೋದ ವರ್ಷದಿಂದ."

ಹೇಳುವ ತನಕ ಗುಡ್ಡದಷ್ಟಿದ್ದ ಮಾತು ಹೇಳಿದ ಮೇಲೆ ಇಷ್ಟೇ ಇಷ್ಟು. ಪುಟ್ಟಿಯ ತಾಯಿ ಮಗಳನ್ನು ಎತ್ತಿಕೊಂಡು ತಾನು ಹೊಡೆದ ಜಾಗವನ್ನೇ ಸವರುತ್ತಾ ನಿಂತಳು. ಅಕ್ಕ ಮಾತ್ರ ಔಷಧಿಯ ಬಗ್ಗೆ, ಡಾಕ್ಟರ ಬಗ್ಗೆ ಎರಡು ಪ್ರಶ್ನೆ ಕೇಳಿದಳು, ಅವನು ಉತ್ತರ ಕೊಟ್ಟ. ಎಂಥ ಹೊತ್ತಿನಲ್ಲೂ ಒಂದು ನಗೆಮಾತು ಎಸೆಯುತ್ತಿದ್ದ ಬಾಯಿ ಅದು. ಈಗ ಒಣಗಿಹೋಗಿತ್ತು. ನಿಧಾನವಾಗಿ ಬಗ್ಗಿ, ಅವನ ಕೊರಳಿನಿಂದ ಕ್ಯಾಮೆರಾದ ಪಟ್ಟಿಯನ್ನು ಎತ್ತಿ ತೆಗೆದುಕೊಂಡಳು. ಅವನು ತಲೆ ಬಗ್ಗಿಸಿ ಕೊಟ್ಟ. ಕೊರಳು ಹಗುರವಾಯಿತು, ಆ ಹಗುರವನ್ನು ತಾಳಲಾರದೆ ಅವನಿಗೆ ಜೋರಾಗಿ ಕಿರುಚಬೇಕು ಅನ್ನಿಸಿತು.

ಮದುಮಗಳ ಅಪ್ಪ ದೊಡ್ಡ ಮನುಷ್ಯರು. ಬೇಡಮ್ಮ, ಫೋಟೋ ಬಿಟ್ಟುಬಿಡಿ, ಎಲ್ಲರೂ ಊಟಕ್ಕೆ ನಡೀಲಿ ಅಂದರು. ಅಕ್ಕ ಒಪ್ಪಲಿಲ್ಲ. ಒಪ್ಪಿಕೊಂಡ ಕೆಲಸ ಮುಗಿಸದೆ ಅವಳು ಯಾವ ಮದುವೆಮನೆಯಿಂದಲೂ ಹೊರಗೆ ಕಾಲಿಟ್ಟವಳಲ್ಲ. ಆದರೆ ವೈಡ್ ಅವಳಿಗೆ ಬರದ ವಿದ್ಯೆ. ಜನರನ್ನು ಇರುವೆ ಮಾಡುವ ಕೆಲಸ ಅಂತ ಮೂದಲಿಸುತ್ತಲೇ ಇದ್ದವಳು. ಅದಕ್ಕೇ ಅವನು ಮೆಟ್ಟಿಲಲ್ಲಿ ಕೂತ ಹಾಗೆಯೇ ಹೇಳಿಕೊಟ್ಟ. ನೀನು ಹಿಂದೆ ಸರೀಬೇಡ, ಮಹಡಿ ಮೇಲೆ ಹೋಗು, ಅಲ್ಲಿ ಎದೆಮಟ್ಟ ಗೋಡೆ ಇದೆ, ಬೀಳೋ ಭಯ ಇಲ್ಲ ಅಂದ. ಎಲ್ಲರನ್ನೂ ಜಗಲಿಯಿಂದ ಹುಲ್ಲಿಗಿಳಿಸಿ ಮನೆ ಕಡೆ ಮುಖ ಮಾಡಿಸು, ಮನೆ ಸಿಗಲ್ಲ, ಹೋಗಲಿ, ಜನ ಪೂರ್ತಿ ಸಿಗ್ತಾರೆ. ನಾಲ್ಕು ಮೂಲೆ ನೋಡಿ ಆಮೇಲೆ ಗುಂಡಿ ಒತ್ತು. ಅಕ್ಕ ಹೂಂಗುಟ್ಟುತ್ತಾ ಕೇಳಿಸಿಕೊಂಡಳು.

"ನೀನು ಎಲ್ಲೂ ಓಡಾಡ್ಬೇಡ," ಅಂದಳು ಹೋಗುವಾಗ. "ಅವರ ಜೊತೆ ಹೋಗಿ ನಿಂತ್ಕೋ. ಅಲ್ಲಿ ಎಡವೋಕೆ ಏನೂ ಇಲ್ಲ."

ಹಾಗೆ ವೈಡಣ್ಣ ಮದುವೆಯ ಗುಂಪಿನಲ್ಲಿ ನಿಂತ. ಯಾರೋ ಮೊಣಕೈ ಹಿಡಿದು ಕರೆದೊಯ್ದು ಸಾಲಿನ ತುದಿಯಲ್ಲಿ ನಿಲ್ಲಿಸಿದರು. ಅಂಟಂಟು ಅಂಗಿ, ಮೊಣಕಾಲಲ್ಲಿ ನೋವು, ಖಾಲಿ ಕೈ. ಆ ಕೈಗಳನ್ನು ಎಲ್ಲಿಡಬೇಕು ಅಂತಲೇ ತೋಚಲಿಲ್ಲ. ಕ್ಯಾಮೆರಾ ಇಲ್ಲದೆ ಅಂಗಳ ಚೂರುಚೂರಾಗಿ ಬರುತ್ತಿತ್ತು: ಒಂದು ಕಿವಿ, ಒಂದು ಟೋಪಿ, ಅರ್ಧ ನಗು. ಇಷ್ಟು ಜನ ಮೈಗೆ ಮೈ ತಾಗಿಸಿ ನಿಂತಿದ್ದರೂ ಅವನಿಗೆ ಒಬ್ಬರ ಪಕ್ಕ ಒಬ್ಬರು ಇದ್ದಾರೆ ಅಂತ ಕಾಣುವ ದಾರಿಯೇ ಇರಲಿಲ್ಲ. ಇನ್ನು ಮುಂದೆ ಹೀಗೇ, ಸಾಯುವವರೆಗೆ ಹೀಗೇ ಅನ್ನಿಸಿತು.

ಮೇಲಿನಿಂದ ಅಕ್ಕನ ದನಿ ಕೇಳಿತು. ಎಲ್ಲರೂ ಇಲ್ಲಿ ನೋಡಿ ಅನ್ನುತ್ತಿದ್ದಳು. ಆ ದನಿ ಗೋಡೆಗಳಿಗೆ ಬಡಿದು ನಾಲ್ಕೂ ಕಡೆಯಿಂದ ಬರುತ್ತಿತ್ತು. ಬಿಸಿಲು ಬೇರೆ ಕಣ್ಣಿಗೆ ಹೊಡೆಯುತ್ತಿತ್ತು. ಅವನು ತನ್ನ ತಟ್ಟೆಯಷ್ಟು ದೃಷ್ಟಿಯನ್ನು ಮಹಡಿಯ ಉದ್ದಕ್ಕೂ ಹರಿಸಿದ. ಕಿಟಕಿ ಸಿಕ್ಕಿತು, ಕೊಳವೆ ಸಿಕ್ಕಿತು, ಮತ್ತೊಂದು ಕಿಟಕಿ, ಬರೀ ಆಕಾಶ. ಒಂದು ಕಡೆ ಗೋಡೆಯ ಮೇಲೆ ಕಪ್ಪಗೆ ಏನೋ ಎದ್ದು ನಿಂತದ್ದು ಕಂಡಿತು. ಸದ್ಯ ಸಿಕ್ಕಿದಳು ಅಂದುಕೊಂಡ. ಅವಳು ತನ್ನನ್ನು ನೋಡಿ ಗಾಬರಿಯಾಗಬಾರದು, ಕೈ ನಡುಗಿಸಿಕೊಳ್ಳಬಾರದು ಅಂತ, ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಅತ್ತ ಮುಖವೆತ್ತಿ ನಕ್ಕ.

ಜನ ಚದುರಿದರು. ಅಕ್ಕ ಇಳಿದು ಬಂದು ಕ್ಯಾಮೆರಾವನ್ನು ಅವನ ಕೈಗಿಟ್ಟಳು. ಅವನು ಎಂದಿನ ಹಾಗೆ ಕೈ ಚಾಚಿ ಪರದೆ ನೋಡಿದ. ಮೊದಲು ನೋಡಿದ್ದು ಕೆಲಸವನ್ನೇ. ಜನರ ಸಾಲು ಓರೆಯಾಗಿರಲಿಲ್ಲ. ಯಾರ ಭುಜವೂ ಕತ್ತರಿಸಿರಲಿಲ್ಲ. ತುದಿಯಲ್ಲಿದ್ದ ಮುದುಕಿಯ ಊರುಗೋಲೂ ಸಿಕ್ಕಿತ್ತು. ಮೊದಲ ಸಲಕ್ಕೆ ಇಷ್ಟು ಮಾಡಿದ್ದು ಹೆಚ್ಚೇ ಅನ್ನಬೇಕು ಅಂದುಕೊಂಡ. ಮದುಮಕ್ಕಳು, ಹಿರಿಯರು, ಗದ್ದಕ್ಕೆ ಕರವಸ್ತ್ರ ಒತ್ತಿಕೊಂಡು ತಾಯಿಯ ಸೊಂಟದ ಮೇಲಿದ್ದ ಪುಟ್ಟಿ, ಅಷ್ಟೂ ಜನ ಮುಖ ಮೇಲೆತ್ತಿ ಇವನನ್ನೇ ನೋಡುತ್ತಿದ್ದರು.

ಬಲತುದಿಯಲ್ಲಿ ಒಬ್ಬ ಮಾತ್ರ ಬೇರೆಲ್ಲೋ ನೋಡುತ್ತಿದ್ದ. ಕೊರಳು ತಿರುಗಿಸಿ, ಎಲ್ಲರಿಗೂ ಬೆನ್ನಾಗಿ, ಹಲ್ಲು ಕಾಣುವಷ್ಟು ನಗುತ್ತಿದ್ದ. ಅವನು ನೋಡುತ್ತಿದ್ದ ಕಡೆಗೆ ವೈಡಣ್ಣ ಪರದೆ ಬಿಟ್ಟು ತಲೆಯೆತ್ತಿ ಹುಡುಕಿದ. ಮಹಡಿಯ ಆ ಮೂಲೆಯಲ್ಲಿ ಇದ್ದದ್ದು ಕಪ್ಪು ಬಣ್ಣದ ನೀರಿನ ಟ್ಯಾಂಕು.

ಅಕ್ಕ ಅವನನ್ನೇ ನೋಡುತ್ತಿದ್ದಳು. ಅವಳ ಗಲ್ಲದ ಮೇಲೆ ನೀರಿಳಿದಿತ್ತು, ಒರೆಸಿಕೊಂಡಿರಲಿಲ್ಲ.

"ಅದು ನೀನೇ ಅಂದ್ಕೊಂಡಿದ್ದೆ ಅಕ್ಕ," ಅಂದ ಅವನು. ಕ್ಯಾಮೆರಾವನ್ನು ಅವಳ ಕೈಗೆ ವಾಪಸ್ ತುರುಕಿದ. "ಇನ್ನೊಂದು ತೆಗಿ. ಎಲ್ಲಿ ನಿಂತ್ಕೋತೀಯ ಅಂತ ಮೊದಲೇ ಹೇಳಿಬಿಡು. ಈ ಸಲ ಸರಿಯಾಗಿ ನೋಡ್ತೀನಿ."

ಅಂಗಳದಲ್ಲಿ ಆಗ ಅವರಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಅವನು ಮಾತ್ರ ಎಲ್ಲರೂ ಇನ್ನೂ ಅಲ್ಲೇ ಇದ್ದಾರೆಂಬಂತೆ ಸಾಲಿನ ತುದಿಗೆ ಹೋಗಿ, ಅಂಗಿ ಸರಿಪಡಿಸಿಕೊಂಡು, ಮುಖ ಎತ್ತಿ ನಿಂತ.